ಖಿನ್ನತೆಗೆ ಚಿಕಿತ್ಸೆ ಪಡೆದಿದ್ದೇನೆ, ಬಿಎಸ್ಸಿ ನರ್ಸಿಂಗ್ ಸೇರಬೇಕು. ಮೆಡಿಕಲ್ ಫಾರ್ಮ್‌ನಲ್ಲಿ ಏನು ಬರೆಯಲಿ?

ತುಂಗೆಯ ದಡ:
ಎಲ್ಲರಿಗೂ ನಮಸ್ಕಾರ. ನನಗೆ ಈಗ 19. ಶಿವಮೊಗ್ಗ ಜಿಲ್ಲೆ. ಮೊದಲ ಪಿಯುಸಿಯಲ್ಲಿ ಖಿನ್ನತೆ ಬಂತು. ತುಂಬಾ ಜಾಸ್ತಿಯಾಗಿ ಜೀವ ತೆಗೆದುಕೊಳ್ಳುವ ಪ್ರಯತ್ನವೂ ಆಯಿತು, ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಮನೋವೈದ್ಯರ ಚಿಕಿತ್ಸೆ. ಈಗಲೂ ದಿನಕ್ಕೆ ಒಂದು ಎಸಿಟಾಲೊಪ್ರಾಮ್ ಮಾತ್ರೆ ನುಂಗುತ್ತೇನೆ. ಒಂದು ವರ್ಷಕ್ಕಿಂತ ಹೆಚ್ಚು ಸಮಯದಿಂದ ಚೆನ್ನಾಗಿದ್ದೇನೆ. ಪಿಯುಸಿ ಒಳ್ಳೆಯ ಅಂಕದಲ್ಲೇ ಪಾಸಾದೆ.

ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆ. ಕಾಲೇಜಿನವರು ಒಂದು ಮೆಡಿಕಲ್ ಫಾರ್ಮ್ ಕೊಟ್ಟಿದ್ದಾರೆ. ಅದರಲ್ಲಿ ಎತ್ತರ, ತೂಕ, ಕಣ್ಣು, ಕಿವಿ ಎಲ್ಲ ಆದಮೇಲೆ ಒಂದು ಸಾಲು: "ಈ ಹಿಂದೆ ಮೂರ್ಛೆರೋಗ, ಕ್ಷಯ, ಮಾನಸಿಕ ಕಾಯಿಲೆ ಇತ್ತೇ? ಹೌದು / ಇಲ್ಲ." ಕೆಳಗೆ ನನ್ನ ಸಹಿ, ಅಪ್ಪನ ಸಹಿ, ಡಾಕ್ಟರ ಸಹಿ.

ಅಪ್ಪ "ಇಲ್ಲ ಅಂತ ಬರಿ, ಯಾರಿಗೆ ಗೊತ್ತಾಗುತ್ತೆ" ಅನ್ನುತ್ತಾರೆ. ಅಮ್ಮ "ನರ್ಸಿಂಗೇ ಬೇಡ, ಬಿಕಾಂ ಮಾಡು" ಅನ್ನುತ್ತಾರೆ. ನನಗೆ ನರ್ಸಿಂಗೇ ಬೇಕು. ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ನನ್ನ ಜೊತೆ ಮಾತಾಡಿದ ರೀತಿ ನೋಡಿಯೇ ಈ ಆಸೆ ಹುಟ್ಟಿದ್ದು. ಏನು ಮಾಡಲಿ? ಆಗ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಕೂಡ ಮಾಡಿದ್ದರು. ಅದರಿಂದ ತೊಂದರೆ ಇದೆಯಾ?

ವಾರ್ಡ್ ಅಕ್ಕ:
ತಂಗಿ, ಮೊದಲು ಒಂದು ಮಾತು. ಫಾರ್ಮ್ ಗಲಾಟೆಯಲ್ಲಿ ಮಾತ್ರೆ ನಿಲ್ಲಿಸಬೇಡಿ. ಅಡ್ಮಿಷನ್ ಹೊತ್ತಿಗೆ "ನಾನು ಮಾತ್ರೆ ತಗೊಳ್ತಿಲ್ಲ" ಅಂತ ಹೇಳಲಿಕ್ಕಾಗಿಯೇ ತಾವೇ ಬಿಟ್ಟವರನ್ನು ನೋಡಿದ್ದೇನೆ. ಎಸಿಟಾಲೊಪ್ರಾಮ್ ಥಟ್ ಅಂತ ಬಿಟ್ಟರೆ ತಲೆ ಸುತ್ತು, ಕಿರಿಕಿರಿ, ನಿದ್ದೆ ಕೆಡುವುದು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದು ಇವೆಲ್ಲ ಬರಬಹುದು. ಹಾಸ್ಟೆಲ್‌ನ ಮೊದಲ ವಾರ ಇದೆಲ್ಲ ಬೇಕಾ? ನಿಲ್ಲಿಸುವುದು, ಇಳಿಸುವುದು ಡಾಕ್ಟರ ಕೆಲಸ. ಅದನ್ನು ಅವರು ನಿಧಾನವಾಗಿ ಮಾಡುತ್ತಾರೆ.

ನರ್ಸಿಂಗ್ ಮಾಡಬಹುದಾ ಅಂದರೆ, ಖಂಡಿತ ಮಾಡಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಥೈರಾಯ್ಡ್ ಮಾತ್ರೆ, ಬಿಪಿ ಮಾತ್ರೆ, ಖಿನ್ನತೆ ಮಾತ್ರೆ ಎಲ್ಲ ನುಂಗುವವರೂ ಇದ್ದಾರೆ. ಡ್ಯೂಟಿ ಮಾಡುತ್ತಾರೆ, ಮನೆಗೆ ಹೋಗುತ್ತಾರೆ.

ನೇರ ಮಾತು:
ಎಲ್ಲರೂ "ಸತ್ಯ ಬರಿ" ಅಂತ ಹೇಳುವ ಮೊದಲು ನಾನು ಉಲ್ಟಾ ಹೇಳುತ್ತೇನೆ. ನನ್ನ ತಂಗಿ ಬರೆದಳು. ಕಾಲೇಜಿನ ಹೆಸರು ಬೇಡ. ಆ ಫಾರ್ಮ್ ಆಫೀಸಿನ ಮೇಜಿನ ಮೇಲೆ ಎಲ್ಲರ ಕೈಗೆ ಸಿಗುವ ಹಾಗೆ ಬಿದ್ದಿತ್ತು. ತಿಂಗಳೊಳಗೆ ಹಾಸ್ಟೆಲ್ ಪೂರ್ತಿ ಗೊತ್ತಾಯಿತು. ಅವಳು ಒಂದು ದಿನ ಜ್ವರ ಅಂತ ರಜೆ ಹಾಕಿದರೂ ವಾರ್ಡನ್ ಮನೆಗೆ ಫೋನ್ ಮಾಡಿ "ಮತ್ತೆ ಶುರುವಾಯ್ತಾ" ಅಂತ ಕೇಳುತ್ತಿದ್ದರು. ರೂಮ್‌ಮೇಟ್‌ನ ತಾಯಿ ಬಂದು ಮಗಳ ರೂಮ್ ಬದಲಾಯಿಸಿಕೊಂಡು ಹೋದರು. ಇದನ್ನೆಲ್ಲ ಅನುಭವಿಸಿದ್ದು ಹತ್ತೊಂಬತ್ತು ವರ್ಷದ ಹುಡುಗಿ. ಕಾನೂನು ಪುಸ್ತಕದಲ್ಲಿರುತ್ತೆ, ಹಾಸ್ಟೆಲ್‌ನಲ್ಲಿ ಇರಲ್ಲ. ಚೆನ್ನಾಗಿದ್ದೀರಿ ಅಂದಮೇಲೆ "ಇಲ್ಲ" ಅಂತ ಬರೆದು ಸುಮ್ನೆ ಓದಿಕೊಳ್ಳಿ.

ಕರಿಕೋಟು:
ನಾನು ವಕೀಲ. ಮೇಲಿನವರ ಸಿಟ್ಟು ನ್ಯಾಯವಾದದ್ದೇ. ಆದರೂ "ಇಲ್ಲ" ಅಂತ ಬರೆಯಬೇಡಿ. ಕಾರಣ ಹೇಳುತ್ತೇನೆ.

ಫಾರ್ಮ್‌ನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಘೋಷಣೆ ಇರುತ್ತೆ: ಮೇಲಿನ ಮಾಹಿತಿ ಸತ್ಯ, ಸುಳ್ಳಾದರೆ ಪ್ರವೇಶ ರದ್ದು. ಕಾಯಿಲೆ ಇತ್ತು ಅನ್ನುವ ಕಾರಣಕ್ಕೆ ನಿಮ್ಮನ್ನು ಹೊರಗೆ ಹಾಕಿದರೆ ನಿಮ್ಮ ಪರವಾಗಿ ವಾದಿಸಲು ಕಾನೂನು ಇದೆ. ಸುಳ್ಳು ಬರೆದಿದ್ದಾರೆ ಅನ್ನುವ ಕಾರಣಕ್ಕೆ ಹೊರಗೆ ಹಾಕಿದರೆ ಆ ಕಾನೂನು ನಿಮ್ಮ ಕೈಗೆ ಬರುವುದು ಕಷ್ಟ. ಗಟ್ಟಿ ನೆಲದ ಮೇಲೆ ನಿಂತಿರುವವರು ನೀವು, ಅದನ್ನು ಯಾಕೆ ಬಿಟ್ಟುಕೊಡುತ್ತೀರಿ?

ಈಗ ಕಾನೂನು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ ಸೆಕ್ಷನ್ 3ರಲ್ಲಿ ಸ್ಪಷ್ಟವಾಗಿ ಹೇಳಿದೆ: ಹಿಂದೆ ಚಿಕಿತ್ಸೆ ಪಡೆದಿದ್ದು ಅಥವಾ ಆಸ್ಪತ್ರೆಗೆ ಸೇರಿದ್ದು, ಅಷ್ಟರಿಂದಲೇ ಈಗ ಅಥವಾ ಮುಂದೆ ಈ ವ್ಯಕ್ತಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿಸ್ವಾಧೀನ ಇಲ್ಲ ಅಂತಲೂ ಅಲ್ಲ. ಅದನ್ನು ಹೇಳುವ ಅಧಿಕಾರ ಕೋರ್ಟಿಗೆ ಮಾತ್ರ.

ಎಂಎಲ್‌ಸಿ ಬಗ್ಗೆ: ಅದೇ ಕಾಯ್ದೆಯ ಸೆಕ್ಷನ್ 115ರ ಪ್ರಕಾರ, ಜೀವ ತೆಗೆದುಕೊಳ್ಳುವ ಪ್ರಯತ್ನ ಮಾಡಿದವರು, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆ ಮಾಡಿ ಶಿಕ್ಷಿಸುವ ಹಾಗಿಲ್ಲ. ಬದಲಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಎಂಎಲ್‌ಸಿ ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದ ದಾಖಲೆ, ಅಪರಾಧಿ ಅನ್ನುವ ಮುದ್ರೆ ಅಲ್ಲ. ಆ ಬಗ್ಗೆ ನಿದ್ದೆಗೆಡಬೇಡಿ.

ಇನ್ನೊಂದು. ಸೆಕ್ಷನ್ 25ರಲ್ಲಿ ನಿಮ್ಮ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕಿದೆ. 18 ತುಂಬಿದೆ, ನೀವೇ ಹೋಗಿ ಡಿಸ್ಚಾರ್ಜ್ ಸಮ್ಮರಿ ತಗೊಳ್ಳಿ. ಅದರಲ್ಲಿ ಏನು ಬರೆದಿದೆ ಅಂತ ನೋಡದೆ ಯಾವ ಫಾರ್ಮೂ ತುಂಬಬೇಡಿ.

ನೇರ ಮಾತು:
ಸರಿ ಸರ್. ಆದರೆ ಗುಟ್ಟು ಕಾಪಾಡುವುದು ಯಾರ ಹೊಣೆ? ಅದನ್ನೂ ಹೇಳಿ.

ಕರಿಕೋಟು:
ಒಳ್ಳೆಯ ಪ್ರಶ್ನೆ. ಸೆಕ್ಷನ್ 23ರ ಗೌಪ್ಯತೆ ಚಿಕಿತ್ಸೆ ಕೊಡುವವರ ಮೇಲೆ ನೇರವಾಗಿ ಇದೆ. ಆಸ್ಪತ್ರೆ, ಡಾಕ್ಟರು, ನರ್ಸು ಯಾರೂ ನಿಮ್ಮ ಒಪ್ಪಿಗೆ ಇಲ್ಲದೆ ಕಾಲೇಜಿಗೆ ಹೇಳುವ ಹಾಗಿಲ್ಲ (ಜೀವಕ್ಕೆ ಅಪಾಯ, ಕೋರ್ಟ್ ಆದೇಶ ಇಂಥ ಕೆಲವು ಸಂದರ್ಭ ಬಿಟ್ಟು). ಕಾಲೇಜ್ ಆಫೀಸಿನ ಗುಮಾಸ್ತರನ್ನು ಆ ಸೆಕ್ಷನ್‌ನಲ್ಲಿ ಕಟ್ಟಿಹಾಕುವುದು ಅಷ್ಟು ಸುಲಭ ಅಲ್ಲ. ಆದ್ದರಿಂದ ವಿವರ ಅವರ ಕೈಗೇ ಸಿಗದ ಹಾಗೆ ಮಾಡಬೇಕು. ಅದು ಹೇಗೆ ಅಂತ ನರ್ಸಿಂಗ್ ಮೇಡಂ ಹೇಳಿದರೆ ಚೆನ್ನ. ಅವರು ಇಂಥ ಫಾರ್ಮ್‌ಗಳನ್ನು ಈ ಕಡೆ ಕೂತು ನೋಡುವವರು.

ನರ್ಸಿಂಗ್ ಮೇಡಂ:
ಹೌದು, ನೋಡುತ್ತೇನೆ. ಮೆಂಟಲ್ ಹೆಲ್ತ್ ನರ್ಸಿಂಗ್ ಪಾಠ ಮಾಡುತ್ತೇನೆ, ಅಡ್ಮಿಷನ್ ಸಮಿತಿಯಲ್ಲೂ ಕೂತಿದ್ದೇನೆ.

ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ ಕೇಳುವುದು ಒಂದೇ ಮಾತು: ಅಭ್ಯರ್ಥಿ ವೈದ್ಯಕೀಯವಾಗಿ ಫಿಟ್ ಇರಬೇಕು. ಈ ಹಿಂದೆ ಏನೇನು ಬಂದಿತ್ತು ಅನ್ನುವ ಉದ್ದ ಪಟ್ಟಿ ಕಾಲೇಜುಗಳು ಮಾಡಿಕೊಂಡದ್ದು. ಆದ್ದರಿಂದ ನಮಗೆ ನಿಜವಾಗಿ ಬೇಕಾಗಿರುವುದು ನಿಮ್ಮ ಕಥೆ ಅಲ್ಲ, ಈಗ ಓದಲು, ವಾರ್ಡಿನಲ್ಲಿ ನಿಲ್ಲಲು ಆಗುತ್ತಾ ಅನ್ನುವುದು.

ಹೀಗೆ ಮಾಡಿ. ನಿಮಗೆ ಚಿಕಿತ್ಸೆ ಕೊಡುತ್ತಿರುವ ಮನೋವೈದ್ಯರ ಹತ್ತಿರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿ. ಅದರಲ್ಲಿ ಇಷ್ಟಿರಲಿ: ಇಂಥವರು ಇಂಥ ವರ್ಷದಿಂದ ನನ್ನ ಬಳಿ ಚಿಕಿತ್ಸೆಯಲ್ಲಿದ್ದಾರೆ, ಈಗ ಸ್ಥಿರವಾಗಿದ್ದಾರೆ, ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುತ್ತಾರೆ, ಫಾಲೋಅಪ್‌ಗೆ ಬರುತ್ತಾರೆ, ನರ್ಸಿಂಗ್ ಕೋರ್ಸ್‌ನ ತರಗತಿಗಳಿಗೂ ಕ್ಲಿನಿಕಲ್ ಡ್ಯೂಟಿಗೂ ಫಿಟ್ ಇದ್ದಾರೆ. ಸಾಕು. ಮನೆಯ ಜಗಳ, ಪ್ರಯತ್ನ, ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದಿರಿ, ಇದ್ಯಾವುದೂ ಬೇಡ. "ಕ್ಲಿನಿಕಲ್ ಡ್ಯೂಟಿಗೆ ಫಿಟ್" ಅನ್ನುವ ಮಾತು ಮಾತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಿ. "ಆರೋಗ್ಯವಾಗಿದ್ದಾರೆ" ಅಂತ ಸುಮ್ನೆ ಬರೆದ ಪತ್ರ ತಂದರೆ ಸಮಿತಿಯಲ್ಲಿ ಮತ್ತೆ ಪ್ರಶ್ನೆ ಏಳುತ್ತೆ.

ಫಾರ್ಮ್‌ನಲ್ಲಿ "ಹೌದು" ಗುರುತು ಹಾಕಿ, ಪಕ್ಕದಲ್ಲಿ "ಚಿಕಿತ್ಸೆ ಪಡೆದಿದ್ದೇನೆ, ವೈದ್ಯರ ಪತ್ರ ಪ್ರತ್ಯೇಕ ಲಕೋಟೆಯಲ್ಲಿದೆ" ಅಂತ ಬರೆಯಿರಿ. ಕಾಯಿಲೆಯ ಹೆಸರು ಅಲ್ಲಿ ಬೇಡ. ಲಕೋಟೆ ಅಂಟಿಸಿ, ಮೇಲೆ "ಪ್ರಾಂಶುಪಾಲರಿಗೆ, ಗೌಪ್ಯ" ಅಂತ ಬರೆಯಿರಿ. ಅದನ್ನು ಪ್ರಾಂಶುಪಾಲರ ಕೈಗೇ ಕೊಡಿ. ಗೌಪ್ಯವಾಗಿ ಇಟ್ಟುಕೊಳ್ಳಿ ಅಂತ ಒಂದು ಕೋರಿಕೆ ಪತ್ರ ಬರೆದು, ಅದರ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆ ಸೀಲ್ ಇದ್ದರೆ ಎಲ್ಲರೂ ಹುಷಾರಾಗುತ್ತಾರೆ.

ಫಾರ್ಮ್‌ಗಳು ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ ಇವೆ. ಕೆಲವು ಕಡೆ "ಓದಿಗೆ ಅಡ್ಡಿಯಾಗುವ ಕಾಯಿಲೆ ಈಗ ಇದೆಯೇ" ಅಂತ ಇರುತ್ತೆ. ಅಲ್ಲಿ ನೀವು "ಇಲ್ಲ" ಅಂತ ಬರೆದರೆ ಅದು ಸತ್ಯವೇ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಕೇಳದ್ದನ್ನು ಬರೆಯಬೇಡಿ.

ದಾವಣಗೆರೆ ಅಪ್ಪ:
ನಾನು ಒಬ್ಬ ಹುಡುಗಿಯ ತಂದೆ. ನನ್ನ ಮಗಳಿಗೂ ಇಂಥದೇ ಆಗಿತ್ತು. ತುಂಗೆಯ ದಡ ಅವರ ಅಪ್ಪ ಯಾಕೆ "ಇಲ್ಲ ಅಂತ ಬರಿ" ಅಂದರು ಅಂತ ನನಗೆ ಅರ್ಥವಾಗುತ್ತೆ. ಅವರಿಗೆ ಕಾಲೇಜಿನ ಚಿಂತೆಗಿಂತ ಮುಂದಿನ ಸಂಬಂಧ, ನೆಂಟರ ಮಾತು, ಇದೇ ಚಿಂತೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಮ್ಮ.

ನನ್ನ ಭಯ ಬೇರೆ. ವಾರ್ಡಿನಲ್ಲಿ ಔಷಧಿ ಕಪಾಟು ಕೈಗೆ ಸಿಗುತ್ತೆ. ಮನಸ್ಸು ಕೆಟ್ಟ ದಿನ ಏನಾದರೂ ಆದರೆ? ಈ ಮಾತು ಕೇಳಿದರೆ ಮಕ್ಕಳಿಗೆ ಬೇಜಾರಾಗುತ್ತೆ ಅಂತ ಯಾರೂ ಕೇಳಲ್ಲ. ನಾನು ಕೇಳುತ್ತಿದ್ದೇನೆ.

ನರ್ಸಿಂಗ್ ಮೇಡಂ:
ಕೇಳಿದ್ದು ಒಳ್ಳೆಯದಾಯಿತು ಸರ್. ಈ ಪ್ರಶ್ನೆಯನ್ನು ಮನೋವೈದ್ಯರ ಮುಂದೆಯೇ ಮಗಳ ಜೊತೆ ಕೂತು ಮಾತಾಡಬೇಕು. ಅವರು ಒಂದು ಸುರಕ್ಷತಾ ಯೋಜನೆ ಬರೆಸುತ್ತಾರೆ. ಮನಸ್ಸು ಜಾರುತ್ತಿದೆ ಅನ್ನುವ ಮೊದಲ ಗುರುತುಗಳು ಯಾವುವು, ಆಗ ಮೊದಲು ಯಾರಿಗೆ ಫೋನ್ ಮಾಡಬೇಕು, ಎರಡನೆಯದಾಗಿ ಯಾರಿಗೆ, ಡ್ಯೂಟಿಯಲ್ಲಿದ್ದರೆ ಯಾರಿಗೆ ಹೇಳಿ ಹೊರಗೆ ಬರಬೇಕು. ಒಂದು ಪುಟದಲ್ಲಿ ಮುಗಿಯುತ್ತೆ. ವಿದ್ಯಾರ್ಥಿಗಳು ಔಷಧಿ ಕೊಡುವುದು ಮೇಲಿನವರ ಕಣ್ಣೆದುರಿಗೇ. ಒಬ್ಬರೇ ಕಪಾಟು ತೆಗೆಯುವ ಪರಿಸ್ಥಿತಿ ಇರಬಾರದು.

ಪ್ರಯತ್ನ ಇತ್ತೀಚಿನದಾಗಿದ್ದರೆ, ಆ ಯೋಚನೆಗಳು ಇನ್ನೂ ಬರುತ್ತಿದ್ದರೆ, ನಾನು ಈ ವರ್ಷ ಬೇಡ ಅಂತಲೇ ಹೇಳುತ್ತೇನೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಬನ್ನಿ. ತುಂಗೆಯ ದಡ ಅವರದು ಹಾಗಲ್ಲ, ವರ್ಷದ ಮೇಲಾಗಿದೆ. ಆದರೂ ಡಾಕ್ಟರು ಹೇಳಲಿ.

ಯಾರಿಗೇ ಆಗಲಿ, ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮನಸ್ ಸಹಾಯವಾಣಿ ಇದೆ, 14416. ದಿನದ 24 ಗಂಟೆಯೂ, ಕನ್ನಡದಲ್ಲೇ, ಉಚಿತ.

ರಾತ್ರಿಪಾಳಿ:
ನನಗೆ ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಜಾರುವ ಕಾಯಿಲೆ). ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಫಾರ್ಮ್ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಾನು ಕೋರ್ಸ್ ಒಳಗೆ ಹೋದಮೇಲಿನ ಮಾತು ಹೇಳುತ್ತೇನೆ.

ನಮ್ಮಂಥವರಿಗೆ ನಿಜವಾದ ಪರೀಕ್ಷೆ ನೈಟ್ ಡ್ಯೂಟಿ. ನಿದ್ದೆ ಕೆಟ್ಟರೆ ಕಾಯಿಲೆ ಕೆದರುತ್ತೆ, ಬೈಪೋಲಾರ್‌ನಲ್ಲಂತೂ ಇದು ನೇರ ಸಂಬಂಧ. ರಾತ್ರಿ ನುಂಗುವ ಮಾತ್ರೆ ನಿದ್ದೆ ಬರಿಸುವಂಥದ್ದಾದರೆ, ರಾತ್ರಿ 8ಕ್ಕೆ ನುಂಗಿ ಡ್ಯೂಟಿಗೆ ಹೋಗುವ ಹಾಗಿಲ್ಲ. ಬಿಡುವ ಹಾಗೂ ಇಲ್ಲ. ನನ್ನ ಡಾಕ್ಟರು ನೈಟ್ ವಾರಕ್ಕೆ ಬೇರೆ ಸಮಯ ಬರೆದುಕೊಟ್ಟಿದ್ದಾರೆ: ಡ್ಯೂಟಿ ಮುಗಿಸಿ ಬಂದು, ತಿಂಡಿ ತಿಂದು, ಮಾತ್ರೆ ನುಂಗಿ, ಕಿಟಕಿಗೆ ದಪ್ಪ ಪರದೆ ಎಳೆದು ಮಲಗುವುದು. ಇದನ್ನು ತಾವೇ ಲೆಕ್ಕ ಹಾಕಿಕೊಳ್ಳಬೇಡಿ, ಕೇಳಿ ಬರೆಸಿಕೊಳ್ಳಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ರಕ್ತದಲ್ಲಿ ಅದರ ಮಟ್ಟ ನೋಡಲು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ನೈಟ್ ಡ್ಯೂಟಿ ವಾರದಲ್ಲಿ ಮಾತ್ರೆಯ ಸಮಯ ಬದಲಾಗಿರುತ್ತೆ, ಅದನ್ನು ಹೇಳದೆ ಬೆಳಿಗ್ಗೆ ಹೋಗಿ ರಕ್ತ ಕೊಟ್ಟರೆ ಬರುವ ಸಂಖ್ಯೆಗೆ ಅರ್ಥ ಇಲ್ಲ. ಡ್ಯೂಟಿಯಲ್ಲಿ ನೀರು ಕುಡಿಯಲು ಪುರುಸೊತ್ತಿರಲ್ಲ, ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತೆ. ಕಾಲು ನೋವು ಅಂತ ಸಹೋದ್ಯೋಗಿ ಕೊಟ್ಟ ಐಬುಪ್ರೊಫೆನ್ ನುಂಗಿದರೂ ಏರುತ್ತೆ. ನನ್ನ ಟ್ರಾಲಿಯ ಕೆಳಗಿನ ತಟ್ಟೆಯಲ್ಲಿ ಲೀಟರ್ ಬಾಟಲಿ ಯಾವಾಗಲೂ ಇರುತ್ತೆ. ಬೆಳಗಿನ 2ಕ್ಕೆ ಒಮ್ಮೆ, 4ಕ್ಕೆ ಒಮ್ಮೆ ಬಿಪಿ ನೋಡುವ ಸುತ್ತು ಇರುತ್ತಲ್ಲ, ಪ್ರತಿ ಸುತ್ತು ಮುಗಿದಾಗ ಕಾಲು ಬಾಟಲಿ ಖಾಲಿಯಾಗಬೇಕು ಅಂತ ಇಟ್ಟುಕೊಂಡಿದ್ದೇನೆ.

ಹಾಸ್ಟೆಲ್‌ನಲ್ಲಿ ಮಾತ್ರೆ ಸ್ಟ್ರಿಪ್ ಅನ್ನು ಹಾಗೇ ಇಟ್ಟರೆ ರೂಮ್‌ಮೇಟ್ ಹೆಸರು ಓದಿ ಮೊಬೈಲ್‌ನಲ್ಲಿ ಹುಡುಕುತ್ತಾಳೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದು ಚಟವೇ. ಬೀಗ ಇರುವ ಡಬ್ಬಿ ಇಟ್ಟುಕೊಳ್ಳಿ. ಡಾಕ್ಟರ ಚೀಟಿಯ ಪ್ರತಿ ಅದರೊಳಗೇ ಇರಲಿ, ವಾರ್ಡನ್ ಕೇಳಿದರೆ ತೋರಿಸಲು.

ತುಂಗೆಯ ದಡ:
ರಾತ್ರಿಪಾಳಿ ಅಕ್ಕ, ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಮಧ್ಯದಲ್ಲಿ ಹುಷಾರು ತಪ್ಪಿದರೆ ಕೋರ್ಸ್ ಏನಾಗುತ್ತೆ? ಸೈಕಿಯಾಟ್ರಿ ಪೋಸ್ಟಿಂಗ್ ನೆನೆಸಿಕೊಂಡರೂ ಎದೆ ಡವಡವ ಅನ್ನುತ್ತೆ.

ನರ್ಸಿಂಗ್ ಮೇಡಂ:
ಕೋರ್ಸ್ 4 ವರ್ಷ, 8 ಸೆಮಿಸ್ಟರ್. ಮುಗಿಸಲು ಗರಿಷ್ಠ 8 ವರ್ಷ ಸಮಯ ಇದೆ. ಅಂದರೆ ಒಂದು ಸೆಮಿಸ್ಟರ್ ಬಿಟ್ಟು ಬಂದರೂ ಜೀವನ ಮುಗಿಯಲ್ಲ. ಹಾಜರಿ ಮಾತ್ರ ಕಟ್ಟುನಿಟ್ಟು. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80%. ಡಿಗ್ರಿ ಸಿಗಬೇಕಾದರೆ ಕ್ಲಿನಿಕಲ್ ಗಂಟೆಗಳು 100% ಆಗಿರಬೇಕು, ತಪ್ಪಿದ್ದನ್ನು ಮತ್ತೆ ಮಾಡಿ ತುಂಬಿಸಬೇಕು. ಹುಷಾರಿಲ್ಲದಾಗ ಯಾರಿಗೂ ಹೇಳದೆ ಊರಿಗೆ ಹೋಗಿ ಕೂತುಬಿಡುವ ಮಕ್ಕಳಿಗೆ ಇಲ್ಲೇ ಪೆಟ್ಟು ಬೀಳುವುದು. ಮೊದಲ ದಿನವೇ ಪತ್ರ ಕೊಟ್ಟು ರಜೆ ತೆಗೆದುಕೊಂಡರೆ ಆ ಗಂಟೆಗಳನ್ನು ಯಾವಾಗ ತುಂಬಿಸುವುದು ಅಂತ ನಾವೇ ಕೂತು ಹೊಂದಿಸುತ್ತೇವೆ.

ಮೆಂಟಲ್ ಹೆಲ್ತ್ ನರ್ಸಿಂಗ್ ಬರುವುದು 5 ಮತ್ತು 6ನೇ ಸೆಮಿಸ್ಟರ್‌ನಲ್ಲಿ. ನಮ್ಮ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇಂಥ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಕಳಿಸುತ್ತೇವೆ. ಅಲ್ಲಿ ಒಬ್ಬ ರೋಗಿಯ ಮುಂದೆ ಕೂತು ಹಿಸ್ಟರಿ ಬರೆಯಬೇಕು, ಆಮೇಲೆ ಎಂಎಸ್‌ಇ (ಮಾನಸಿಕ ಸ್ಥಿತಿಯ ಪರೀಕ್ಷೆ): ಮೂಡ್ ಹೇಗಿದೆ, ನಿದ್ದೆ ಹೇಗಿದೆ, ಸಾಯಬೇಕು ಅನ್ನುವ ಯೋಚನೆ ಇದೆಯಾ, ತನಗೆ ಕಾಯಿಲೆ ಇದೆ ಅಂತ ಒಪ್ಪುತ್ತಾರಾ. ಒಂದು ಕಾಲದಲ್ಲಿ ನಿಮ್ಮನ್ನೇ ಕೇಳಿದ್ದ ಪ್ರಶ್ನೆಗಳನ್ನು ನೀವು ಇನ್ನೊಬ್ಬರಿಗೆ ಕೇಳಬೇಕು. ಕಷ್ಟವೇ. ಎರಡು ಕೆಲಸ ಮಾಡಿ. ನೀವು ಚಿಕಿತ್ಸೆ ಪಡೆದ ಆಸ್ಪತ್ರೆಗೇ ಪೋಸ್ಟಿಂಗ್ ಬಂದರೆ ಬೇರೆ ಕಡೆ ಹಾಕಿಸಿಕೊಳ್ಳಿ, ಕಾರಣ ಒಬ್ಬ ಮೇಡಂಗೆ ಹೇಳಿದರೆ ಸಾಕು. ಮತ್ತೆ, ಮೊದಲ ಕೇಸ್ ಆಗಿ ಆತ್ಮಹತ್ಯೆ ಪ್ರಯತ್ನದ ರೋಗಿ ಬೇಡ ಅಂತ ಕೇಳಿ. ಆಮೇಲೆ ಒಂದಿನ ಮಾಡುತ್ತೀರಿ, ಮೊದಲೇ ಬೇಡ.

ಒಂದು ಮಾತು ಮನಸಾರೆ ಹೇಳುತ್ತೇನೆ. ರೋಗಿಯ ಜೊತೆ ಆತುರವಿಲ್ಲದೆ ಕೂರುವುದು ಕಲಿಸಿ ಬರುವಂಥದ್ದಲ್ಲ. ಇದನ್ನು ದಾಟಿ ಬಂದ ಮಕ್ಕಳಲ್ಲಿ ಅದು ನನಗೆ ಎಷ್ಟೋ ಸಲ ಕಂಡಿದೆ.

ಹಾಸನದ ಹುಡುಗ:
ಒಂದು ಡೌಟು. ಮಾನಸಿಕ ಕಾಯಿಲೆ ಅಂಗವೈಕಲ್ಯ ಪಟ್ಟಿಯಲ್ಲಿದೆಯಲ್ಲ, ಆ ಕೋಟಾದಲ್ಲಿ ನರ್ಸಿಂಗ್ ಸೀಟು ಸಿಗುತ್ತಾ?

ಕರಿಕೋಟು:
ಪಟ್ಟಿಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಪ್ರಮಾಣಪತ್ರಕ್ಕೆ ಐಡಿಯಾಸ್ ಅನ್ನುವ ಮಾಪಕದಲ್ಲಿ ಅಳೆಯುತ್ತಾರೆ. 40% ಮತ್ತು ಮೇಲಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5% ಮೀಸಲು ಕಾಯ್ದೆಯಲ್ಲಿದೆ. ಆದರೆ ಬಿಎಸ್ಸಿ ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್ ಮಾಡಿರುವ ನಿಯಮದಲ್ಲಿ ಆ 5% ಅನ್ನು ಕಾಲಿನ ಚಲನ ವೈಕಲ್ಯ 40ರಿಂದ 50% ಇರುವವರಿಗೆ ಮಾತ್ರ ಇಟ್ಟಿದ್ದಾರೆ. ನನ್ನ ಪ್ರಕಾರ ಇದು ಅನ್ಯಾಯ. ಕಾಯ್ದೆ ಎಲ್ಲರನ್ನೂ ಒಳಗೆ ಕರೆಯುತ್ತೆ, ನಿಯಮ ಬಾಗಿಲಲ್ಲೇ ತಡೆಯುತ್ತೆ. 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೋಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಂಬಿಬಿಎಸ್ ವಿಷಯದಲ್ಲಿ, ಬರೀ ಶೇಕಡಾವಾರು ನೋಡಿ ಹೊರಗೆ ಇಡಬೇಡಿ, ಆ ವ್ಯಕ್ತಿಗೆ ಓದಲು ಆಗುತ್ತಾ ಅಂತ ಪರೀಕ್ಷಿಸಿ ಅಂತ ಹೇಳಿದೆ. ಅದೇ ತರ್ಕ ನರ್ಸಿಂಗ್‌ಗೂ ಬರಬೇಕು.

ಪ್ರಶ್ನೆ ಕೇಳಿದ ಹುಡುಗಿಗೆ ಕೋಟಾ ಬೇಕಿಲ್ಲ, ಸಾಮಾನ್ಯ ಸೀಟಿನಲ್ಲೇ ಬಂದಿದ್ದಾರೆ. ಸೀಟು ನಿರಾಕರಿಸಿದರೆ ಮಾತ್ರ ಬರಹದಲ್ಲಿ ಕಾರಣ ಕೇಳಿ. ಬಾಯಿಮಾತಿನ "ಆಗಲ್ಲ" ಒಪ್ಪಿಕೊಳ್ಳಬೇಡಿ.

ಮಂಗಳೂರಿಂದ ಲೀಡ್ಸ್‌ಗೆ:
ಮುಂದೆ ವಿದೇಶದ ಆಸೆ ಇದ್ದರೆ ಇದೂ ಗೊತ್ತಿರಲಿ. ಇಂಗ್ಲೆಂಡಿನ ಎನ್‌ಎಂಸಿ (ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್) ನೋಂದಣಿಯಲ್ಲಿ ಆರೋಗ್ಯದ ಘೋಷಣೆ ಇದೆ. ಅವರು ನೋಡುವುದು ನೀವು ಸುರಕ್ಷಿತವಾಗಿ ಕೆಲಸ ಮಾಡಬಲ್ಲಿರಾ ಅಂತ. ಚೆನ್ನಾಗಿ ನಿಭಾಯಿಸುತ್ತಿರುವ ಕಾಯಿಲೆ ನೋಂದಣಿಗೆ ಅಡ್ಡಿಯಲ್ಲ. ಅಲ್ಲಿನ 2010ರ ಸಮಾನತಾ ಕಾಯ್ದೆ ಪ್ರಕಾರ ಕೆಲಸದ ಆಫರ್ ಕೊಡುವ ಮೊದಲು ಸಾಮಾನ್ಯವಾಗಿ ಆರೋಗ್ಯ ಕೇಳುವ ಹಾಗಿಲ್ಲ. ಗಲ್ಫ್ ಬೇರೆ ಕಥೆ. ಅಲ್ಲಿಗೆ ಹೋಗುವವರ ಮೆಡಿಕಲ್ ಪರೀಕ್ಷೆಯಲ್ಲಿ ಅನ್‌ಫಿಟ್ ಮಾಡುವ ಕಾರಣಗಳ ಪಟ್ಟಿಯಲ್ಲೇ ಮಾನಸಿಕ ಕಾಯಿಲೆ ಇದೆ. ಏಜೆಂಟರ ಮಾತು ನಂಬಿ ಸಾಲ ಮಾಡುವ ಮೊದಲು ಇದನ್ನು ಯೋಚಿಸಿ.

ತುಂಗೆಯ ದಡ:
ಎಲ್ಲರಿಗೂ ಸುದ್ದಿ ಹೇಳಬೇಕು. ಡಾಕ್ಟರು ಪತ್ರ ಕೊಟ್ಟರು. ಅಪ್ಪನನ್ನೂ ಒಳಗೆ ಕರೆದು ದಾವಣಗೆರೆ ಅಂಕಲ್ ಕೇಳಿದ ಪ್ರಶ್ನೆಯನ್ನೇ ಮಾತಾಡಿದರು. ಸುರಕ್ಷತಾ ಯೋಜನೆಯಲ್ಲಿ ಮೊದಲ ಫೋನ್ ಅಪ್ಪನದೇ. ಅಪ್ಪ ಈಗ "ಹೌದು" ಬರೆದ ಫಾರ್ಮ್‌ಗೆ ಸಹಿ ಹಾಕಿದ್ದಾರೆ. ಅಮ್ಮ ಇನ್ನೂ ಒಪ್ಪಿಲ್ಲ.

ಲಕೋಟೆ ಪ್ರಾಂಶುಪಾಲರ ಕೈಗೇ ಕೊಟ್ಟೆ. ಅವರು ಓದಿ, ಎಮರ್ಜೆನ್ಸಿಯಲ್ಲಿ ಯಾರಿಗೆ ಫೋನ್ ಮಾಡಲಿ, ಫಾಲೋಅಪ್ ಯಾವ ವಾರ ಬರುತ್ತೆ, ಇವೆರಡೇ ಕೇಳಿದರು. ಕ್ಲಾಸ್ ಟೀಚರ್‌ಗೆ ಹೇಳಲಾ ಬೇಡವಾ ಅಂತ ನನ್ನನ್ನೇ ಕೇಳಿದರು. ಸದ್ಯಕ್ಕೆ ಬೇಡ ಅಂದೆ. ಕೋರಿಕೆ ಪತ್ರದ ಪ್ರತಿಗೆ ಸೀಲ್ ಹಾಕಿಸಿಕೊಂಡಿದ್ದೇನೆ ಮೇಡಂ.

ನೇರ ಮಾತು:
ಖುಷಿಯಾಯಿತು. ನನ್ನ ತಂಗಿಗೆ ಇಂಥ ಪ್ರಾಂಶುಪಾಲರು ಸಿಗಬೇಕಿತ್ತು. ಎಲ್ಲ ಕಡೆ ಹೀಗೇ ಆಗುತ್ತೆ ಅಂತ ಮಾತ್ರ ನಾನು ಇನ್ನೂ ಒಪ್ಪಲ್ಲ.

ಹೊಸ ಸದಸ್ಯ:
ನನಗೆ ಸ್ಕಿಜೋಫ್ರೇನಿಯಾ ಇದೆ, ಮಾತ್ರೆಯಲ್ಲಿ ಚೆನ್ನಾಗಿದ್ದೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೇರಬೇಕು ಅಂತಿದ್ದೇನೆ. ನನಗೂ ಇದೇ ದಾರಿನಾ?

ವಾರ್ಡ್ ಅಕ್ಕ:
ದಾರಿ ಇದೇ, ಆದರೆ ನಿಮ್ಮ ಡಾಕ್ಟರು ನೋಡಬೇಕಾದ್ದು ಜಾಸ್ತಿ ಇರುತ್ತೆ. ಜಿಎನ್‌ಎಂ 3 ವರ್ಷ, ಅಲ್ಲೂ ನೈಟ್ ಡ್ಯೂಟಿ ಇದೆ. ಎಷ್ಟು ಸಮಯದಿಂದ ಲಕ್ಷಣ ಇಲ್ಲ, ಮಾತ್ರೆಯಿಂದ ಬೆಳಿಗ್ಗೆ ಮಂಪರು ಇರುತ್ತಾ, ಕೈ ನಡುಗುತ್ತಾ, ಮನೆಯಲ್ಲಿ ಯಾರು ಜೊತೆಗಿದ್ದಾರೆ, ಇಷ್ಟನ್ನು ಬರೆಯಿರಿ. ನಿಮ್ಮ ಕಾಲೇಜಿನ ಫಾರ್ಮ್‌ನಲ್ಲಿ ಪ್ರಶ್ನೆ ಹೇಗಿದೆಯೋ ಅದನ್ನು ಒಂದಕ್ಷರ ಬಿಡದೆ ಇಲ್ಲಿ ಟೈಪ್ ಮಾಡಿ. ಮೇಡಂ ನೋಡಿ ಹೇಳುತ್ತಾರೆ.